ಗುದ್ದೇ ಬೇರೆ, ಮಂದ್ರವೇ ಬೇರೆ

ಭಾನುವಾರದ ಸಂಜೆ. ಊರಿನ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯ ಹಿಂಬದಿಯಲ್ಲಿರುವ ಪುಟ್ಟ ಗಾಜಿನ ಕೋಣೆಯಲ್ಲಿ ತಂದೆ ಮತ್ತು ಮಗ ಕುಳಿತಿದ್ದಾರೆ. ಮಗ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಮೊದಲ ವರ್ಷದಲ್ಲಿ ಒಳ್ಳೆಯ ಅಂಕ ತೆಗೆದರೆ ಮನೆಗೆ ಹೋಂ ಥಿಯೇಟರ್ ತರುವುದಾಗಿ ತಂದೆ ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಳ್ಳಲು ಚೀಟಿ ಎತ್ತಿದ ಹಣ ಜೇಬಿನಲ್ಲಿದೆ. ಮಾರಾಟದ ಹುಡುಗ ಬಾಗಿಲು ಹಾಕಿ, ಒಂದು ಹೊಡೆದಾಟದ ದೃಶ್ಯ ಹಚ್ಚಿ, ರಿಮೋಟಿನ ಗುಂಡಿಯನ್ನು ಒಂದೇ ಸಮನೆ ಒತ್ತಿದ. ನಾಯಕ ಗುದ್ದಿದ್ದು ಖಳನಿಗೆ. ಏಟು ಬಿದ್ದದ್ದು ತಂದೆಯ ಎದೆಗೆ. ‘ನೋಡಿ ಸಾರ್, ಬೇಸ್ ಹೇಗಿದೆ!’ ಎಂದ. ಇನ್ನೇನು ಬೇಕು? ಅಲ್ಲೇ ಬಿಲ್ ಆಯಿತು.

ಮನೆಯಲ್ಲಿ ಮೊದಲ ದಿನ ಸಂಭ್ರಮವೋ ಸಂಭ್ರಮ. ಮೂರನೆಯ ದಿನ ಅಜ್ಜಿ, ‘ವಾರ್ತೆ ಓದುವವನು ಹಂಡೆಯೊಳಗೆ ಕೂತು ಮಾತಾಡಿದ ಹಾಗಿದೆಯಲ್ಲೋ’ ಎಂದರು. ಹಾಡು ಹಾಕಿದರೆ ಯಾವ ಹಾಡಾದರೂ ಒಂದೇ ‘ಧುಂ, ಧುಂ’. ವಾರದ ಕೊನೆಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಸಂಕೋಚದಿಂದಲೇ ಹೇಳಿದರು: ‘ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಿಮ್ಮ ಟೀವಿಯ ಮಾತು ನಮಗೇನೂ ಕೇಳಿಸುವುದಿಲ್ಲ, ಗೋಡೆ ಮಾತ್ರ ಗುದ್ದುತ್ತಾ ಇರುತ್ತೆ.’

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಸಬ್‌ವೂಫರ್ ಎಂಬ ಪೆಟ್ಟಿಗೆ ಕಾಲಿಟ್ಟ ಬಹಳಷ್ಟು ಮನೆಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ವಿಚಿತ್ರವೆಂದರೆ, ಎಡವಿದ್ದು ಎಲ್ಲಿ ಎಂಬುದಕ್ಕೆ ಉತ್ತರ ಆ ಹುಡುಗನ ಭೌತಶಾಸ್ತ್ರದ ಪುಸ್ತಕದಲ್ಲೇ ಇತ್ತು. ‘ಅಲೆಗಳು’ ಎಂಬ ಪಾಠದಲ್ಲಿ ಐದು ಅಂಕದ ಪ್ರಶ್ನೆಗೆಂದು ಓದಿದ್ದು ಮನೆಯ ಹಜಾರದವರೆಗೆ ಬಂದಿರಲಿಲ್ಲ, ಅಷ್ಟೆ.

ಮಂದ್ರದ ಮನೆ ಎಲ್ಲಿದೆ?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಯ ಧ್ವನಿಗಳನ್ನು ಕೇಳಬಲ್ಲದು. ಸೆಕೆಂಡಿಗೆ 20 ಸಲ ಗಾಳಿ ಹಿಂದೆ ಮುಂದೆ ಆದರೆ 20 ಹರ್ಟ್ಸ್. ಈ ಹರವಿನ ತೀರ ತಳದ ತುದಿ, ಅಂದರೆ 20ರಿಂದ ಸುಮಾರು 100 ಅಥವಾ 120 ಹರ್ಟ್ಸ್‌ವರೆಗಿನದು, ಸಬ್‌ವೂಫರಿನ ಪಾಲಿನ ಕೆಲಸ. ಕೇಳಲು ಇದು ಬಹಳ ಸಣ್ಣ ತುಣುಕು ಅನ್ನಿಸಬಹುದು. ಆದರೆ 20ರಿಂದ 40, 40ರಿಂದ 80 ಎಂದು ಇಮ್ಮಡಿಯಾದಾಗಲೆಲ್ಲ ಸಂಗೀತದ ಲೆಕ್ಕದಲ್ಲಿ ಒಂದು ಸ್ಥಾಯಿ ಏರಿದಂತೆ. ಆದ್ದರಿಂದ ಇಲ್ಲಿ ಎರಡೂವರೆ ಸ್ಥಾಯಿಗಳಷ್ಟು ಜಾಗವಿದೆ.

ಆ ಜಾಗದಲ್ಲಿ ಯಾರ್‍ಯಾರು ವಾಸವಾಗಿದ್ದಾರೆ ಎಂಬುದನ್ನು ಕೊಳ್ಳುವ ಮೊದಲು ತಿಳಿದಿರಬೇಕು. ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ 65ರಿಂದ 70 ಹರ್ಟ್ಸ್ ಆಸುಪಾಸಿನಲ್ಲಿ ಮಿಡಿಯುತ್ತದೆ. ಸಿನಿಮಾ ಹಾಡುಗಳಲ್ಲಿ ಬರುವ ಬೇಸ್ ಗಿಟಾರಿನ ಅತಿ ದಪ್ಪ ತಂತಿಯದು 41 ಹರ್ಟ್ಸ್. ಪಿಯಾನೊದ ಎಡತುದಿಯ ಕೀಲಿ 27.5 ಹರ್ಟ್ಸ್, ಅದನ್ನು ಮುಟ್ಟುವವರು ಅಪರೂಪ. ಹೀಗಾಗಿ ಸಂಗೀತವೆಂಬುದು ಬಹುಪಾಲು 40 ಹರ್ಟ್ಸ್‌ನಿಂದ ಮೇಲೆಯೇ ಮುಗಿದುಹೋಗುತ್ತದೆ. ಅದಕ್ಕಿಂತ ಕೆಳಗೆ ಇರುವುದು ಸಿನಿಮಾದವರ ಭೂಕಂಪ, ಸ್ಫೋಟ, ವಿಮಾನ, ದೈತ್ಯಪ್ರಾಣಿಗಳ ಹೆಜ್ಜೆ.

ಈ ತಳದ ಸದ್ದಿನ ಹುಚ್ಚು ಸಿನಿಮಾದವರಿಗೆ ಹಳೆಯದು. 1974ರಲ್ಲಿ ಬಂದ ‘ಅರ್ಥ್‌ಕ್ವೇಕ್’ ಎಂಬ ಇಂಗ್ಲಿಷ್ ಚಿತ್ರಕ್ಕಾಗಿ ‘ಸೆನ್‌ಸರೌಂಡ್’ ಎಂಬ ವಿಶೇಷ ಏರ್ಪಾಡು ಮಾಡಿ, ಚಿತ್ರಮಂದಿರದಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನಿಟ್ಟು ಪ್ರೇಕ್ಷಕರ ಕುರ್ಚಿಯನ್ನೇ ನಡುಗಿಸಿದ್ದರು. ಆ ವರ್ಷದ ಧ್ವನಿಯ ಆಸ್ಕರ್ ಕೂಡ ಆ ಚಿತ್ರಕ್ಕೇ ಹೋಯಿತು. ಮುಂದೆ 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಬಂತು, 1993ರಲ್ಲಿ ‘ಜುರಾಸಿಕ್ ಪಾರ್ಕ್’ ಜೊತೆ ಡಿಟಿಎಸ್ ಬಂತು. ‘5.1’ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರಲ್ಲ, ಅದರಲ್ಲಿ ‘5’ ಪೂರ್ತಿ ಹರವಿನ ಐದು ವಾಹಿನಿಗಳು. ಚುಕ್ಕೆಯ ಮುಂದಿನ ‘1’ ಎಂದರೆ 120 ಹರ್ಟ್ಸ್‌ವರೆಗಿನ ಮಂದ್ರ ಪರಿಣಾಮಗಳಿಗಾಗಿಯೇ ಮೀಸಲಿಟ್ಟ ವಾಹಿನಿ. ಹರವು ಒಂದು ಚೂರು ಮಾತ್ರವಾದ್ದರಿಂದ ಪಾಪ, ಪೂರ್ತಿ ಅಂಕಿ ಸಿಗಲಿಲ್ಲ.

ಇಲ್ಲೊಂದು ಸಂದೇಹ ಏಳಬೇಕು. ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ತಲೆಮಾರುಗಳೇ ಹಾಡು ಕೇಳಿ ತಣಿದವಲ್ಲ, ಆಗ ಈ ಮಂದ್ರವೆಲ್ಲ ಎಲ್ಲಿಂದ ಬಂತು? ಬರಲೇ ಇಲ್ಲ, ಅದನ್ನು ಕೇಳುಗರ ಮಿದುಳು ಊಹಿಸಿಕೊಂಡಿತು. 100 ಹರ್ಟ್ಸ್‌ನ ಯಾವುದೇ ನಾದದೊಂದಿಗೆ 200, 300, 400 ಹರ್ಟ್ಸ್‌ನ ಉಪಸ್ವರಗಳೂ ಇರುತ್ತವೆ. ಮೂಲಸ್ವರ ಕಾಣೆಯಾಗಿ ಉಪಸ್ವರಗಳಷ್ಟೇ ಕಿವಿಗೆ ಬಿದ್ದರೂ, ಅವುಗಳ ನಡುವಿನ ಅಂತರದಿಂದ ಮಿದುಳು ಮೂಲವನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸುತ್ತಿರಲಿಲ್ಲ. ಆದರೂ 120 ಹರ್ಟ್ಸ್‌ನ ಅಪ್ಪನ ದನಿ ಅಪ್ಪನದೇ ಎಂದು ತಿಳಿಯುತ್ತಿತ್ತು. ಇದೇ ಕಾರಣದಿಂದ ಸ್ಪೀಕರ್ ತಯಾರಕರಲ್ಲಿ ಕೆಲವರಿಗೆ ಒಂದು ಅನುಕೂಲವೂ ಇದೆ: ನಿಜವಾದ ಮಂದ್ರ ಕೊಡದೆಯೂ ಕೊಟ್ಟಂತೆ ತೋರಿಸಬಹುದು.

ಗಾಳಿ ನೂಕುವ ಕಷ್ಟ

ನಿಜವಾದ ಮಂದ್ರ ಕೊಡುವುದು ಯಾಕೆ ಕಷ್ಟ? ಡೊಳ್ಳನ್ನೂ ದಮ್ಮಡಿಯನ್ನೂ ಜೊತೆಗಿಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ತಗ್ಗು ದನಿಗೆ ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಲೆಕ್ಕ ಇದು: ಅಷ್ಟೇ ಪ್ರಮಾಣದ ಧ್ವನಿಯನ್ನು ಅರ್ಧ ಆವೃತ್ತಿಯಲ್ಲಿ ಹೊರಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಗಾಳಿಯನ್ನು ನೂಕಬೇಕು. 80 ಹರ್ಟ್ಸ್‌ನಲ್ಲಿ ಕೋನ್ ಒಂದು ಮಿಲಿಮೀಟರ್ ಆಡಿದರೆ ಸಾಕಾದಲ್ಲಿ, 40ರಲ್ಲಿ ನಾಲ್ಕು, 20ರಲ್ಲಿ ಹದಿನಾರು ಮಿಲಿಮೀಟರ್ ಆಡಬೇಕು. ಸಣ್ಣ ಕೋನ್ ಅಷ್ಟು ದೂರ ಓಡಲಾರದು. ಓಡಿಸಿದರೆ ಕಿರುಚುತ್ತದೆ, ಇಲ್ಲವೇ ಹರಿಯುತ್ತದೆ. ಕೋನ್ ದೊಡ್ಡದಾದರೆ ಓಟ ಕಡಿಮೆ ಸಾಕು. 8 ಇಂಚಿನದಕ್ಕೂ 12 ಇಂಚಿನದಕ್ಕೂ ವ್ಯಾಸದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು.

ಸಾಲದೆಂಬಂತೆ ನಮ್ಮ ಕಿವಿಯೂ ಮಂದ್ರದ ವಿಷಯದಲ್ಲಿ ಜಿಪುಣ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. 1,000 ಹರ್ಟ್ಸ್‌ನ ಸದ್ದು ಎರಡು ಮೂರು ಡೆಸಿಬೆಲ್ ಇದ್ದರೂ ಎಳೆಯ ಕಿವಿಗೆ ಕೇಳಿಸುತ್ತದೆ. 40 ಹರ್ಟ್ಸ್ ಕೇಳಿಸಬೇಕಾದರೆ ಸುಮಾರು 51 ಡೆಸಿಬೆಲ್ ಬೇಕು. 20 ಹರ್ಟ್ಸ್‌ಗೆ ಸುಮಾರು 78! ಇದು ‘ಕೇಳಿಸಿತು’ ಎನ್ನುವ ಹೊಸ್ತಿಲು ಮಾತ್ರ. ಮೈ ನಡುಗಬೇಕೆಂದರೆ ಅದರ ಮೇಲೆ ಇನ್ನಷ್ಟು.

ಕೋನ್ ಹಗುರವಾಗಿದ್ದರೂ ನಡೆಯುವುದಿಲ್ಲ. ಮೃದಂಗ ವಿದ್ವಾಂಸರು ಕಚೇರಿಗೆ ಮೊದಲು ಎಡಮುಖದ ನಡುವೆ ನೀರಿನಲ್ಲಿ ಕಲಸಿದ ರವೆಯ ಮುದ್ದೆ ಮೆತ್ತುವುದನ್ನು ನೋಡಿರುತ್ತೀರಿ. ತೂಕ ಏರಿದ ಚರ್ಮ ನಿಧಾನವಾಗಿ ಕಂಪಿಸುತ್ತದೆ, ದನಿ ಇಳಿಯುತ್ತದೆ. ಸಬ್‌ವೂಫರಿನ ಕೋನನ್ನು ಬೇಕೆಂದೇ ಭಾರವಾಗಿ ಮಾಡುವುದು ಇದೇ ತತ್ವದಿಂದ. ಭಾರ ಹೆಚ್ಚಿದಷ್ಟೂ ಅದನ್ನು ಅಲುಗಿಸಲು ದೊಡ್ಡ ಅಯಸ್ಕಾಂತ, ಹೆಚ್ಚು ವಿದ್ಯುತ್ತು ಬೇಕಾಗುತ್ತವೆ. ಈ ಜಂಜಾಟವನ್ನು ಹಾಫ್‌ಮನ್ ಎಂಬ ಅಮೆರಿಕದ ತಂತ್ರಜ್ಞ ಒಂದು ನಿಯಮವಾಗಿ ಹೇಳಿದ: ಪೆಟ್ಟಿಗೆ ಚಿಕ್ಕದಿರಬೇಕು, ಮಂದ್ರ ಆಳಕ್ಕೆ ಇಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ನುಡಿಯಬೇಕು — ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ, ಮೂರನೆಯದು ಸಿಗುವುದಿಲ್ಲ. ಸ್ಪೀಕರ್ ಲೋಕದಲ್ಲಿ ಇದನ್ನು ‘ಉಕ್ಕಿನ ನಿಯಮ’ ಎಂದೇ ಕರೆಯುತ್ತಾರೆ. ಪುಟ್ಟ ಪೆಟ್ಟಿಗೆ, ಅಗ್ಗದ ಬೆಲೆ, 20 ಹರ್ಟ್ಸ್ ಎಂಬ ಜಾಹೀರಾತು ಒಟ್ಟಿಗೆ ಕಂಡರೆ ಈ ನಿಯಮವನ್ನು ನೆನಪಿಸಿಕೊಳ್ಳಿ.

ಗೋಲಿ ಸೋಡಾ ಮತ್ತು ಮುಚ್ಚಿದ ಡಬ್ಬಿ

ಅಂಗಡಿಯಲ್ಲಿ ಎರಡು ಜಾತಿಯ ಪೆಟ್ಟಿಗೆಗಳು ಕಾಣುತ್ತವೆ. ಒಂದಕ್ಕೆ ಎಲ್ಲೂ ತೂತಿಲ್ಲ. ಇನ್ನೊಂದರ ಮೈಯಲ್ಲಿ ಕೈ ಹೋಗುವಷ್ಟು ಕೊಳವೆಯ ಬಾಯಿ ಇರುತ್ತದೆ.

ಮುಚ್ಚಿದ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದವನು ಎಡ್ಗರ್ ವಿಲ್ಚರ್. 1954ರಲ್ಲಿ ಅವನು ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯನ್ನೇ ಕೋನಿನ ಸ್ಪ್ರಿಂಗಾಗಿ ಬಳಸಿಕೊಂಡು, ಅದುವರೆಗೆ ಬೀರುವಿನಷ್ಟಿರುತ್ತಿದ್ದ ಸ್ಪೀಕರನ್ನು ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಗಾತ್ರಕ್ಕೆ ತಂದ. ಈ ಬಗೆಯದರಲ್ಲಿ ಮಂದ್ರ ತನ್ನ ಮಿತಿಗಿಂತ ಕೆಳಗೆ ಹೋದಂತೆ ಮೆಲ್ಲಗೆ, ಸ್ಥಾಯಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ.

ಕೊಳವೆಯ ಪೆಟ್ಟಿಗೆಯ ಗುಟ್ಟು ಗೋಲಿ ಸೋಡಾ ಬಾಟಲಿಯಲ್ಲಿದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದು ನಿರ್ದಿಷ್ಟ ಸ್ವರ ಹೊಮ್ಮುತ್ತದೆ. ಸ್ವಲ್ಪ ನೀರು ತುಂಬಿ ಊದಿದರೆ ಸ್ವರ ಏರುತ್ತದೆ. ಬಾಟಲಿಯ ಕತ್ತಿನ ಗಾಳಿ ಒಂದು ತೂಕ, ಹೊಟ್ಟೆಯ ಗಾಳಿ ಒಂದು ಸ್ಪ್ರಿಂಗ್. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಗಣಿತ ಬರೆದಿಟ್ಟ. ಕೊಳವೆಯನ್ನು, ಉದಾಹರಣೆಗೆ, 30 ಹರ್ಟ್ಸ್‌ಗೆ ಹೊಂದಿಸಿದರೆ ಆ ಆಸುಪಾಸಿನಲ್ಲಿ ಕೋನ್ ಹೆಚ್ಚು ಒದ್ದಾಡದೆ ಕೊಳವೆಯ ಗಾಳಿಯೇ ಕೆಲಸ ಮಾಡುತ್ತದೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಸದ್ದು! ಆದರೆ 30ಕ್ಕಿಂತ ಕೆಳಗಿಳಿದೊಡನೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ, ಮೆಟ್ಟಿಲು ತಪ್ಪಿದವರ ಹಾಗೆ, ಸದ್ದು ಬಿದ್ದುಹೋಗುತ್ತದೆ. ಅಲ್ಲಿ ಕೋನಿಗೆ ಗಾಳಿಯ ಆಸರೆಯೂ ತಪ್ಪುತ್ತದೆ.

ಹಿಂದೆ ಈ ಕೊಳವೆಯನ್ನು ಅಂದಾಜಿನಲ್ಲಿ ಕತ್ತರಿಸಿ, ಕೇಳಿ, ಮತ್ತೆ ಕತ್ತರಿಸುತ್ತಿದ್ದರು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅನಂತರ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಕೋನಿನ ಕೆಲವು ಅಳತೆಗಳಿಂದಲೇ ಪೆಟ್ಟಿಗೆಯ ನಡವಳಿಕೆಯನ್ನು ಮೊದಲೇ ಹೇಳುವ ಸೂತ್ರಗಳನ್ನು ಕೊಟ್ಟರು. ಇವತ್ತಿಗೂ ‘ಥೀಲ್–ಸ್ಮಾಲ್’ ಅಳತೆಗಳಿಲ್ಲದೆ ಯಾರೂ ಗಂಭೀರವಾಗಿ ಪೆಟ್ಟಿಗೆ ಕಟ್ಟುವುದಿಲ್ಲ.

ಅಗ್ಗದ ಪೆಟ್ಟಿಗೆಗಳಲ್ಲಿ ಆಗುವುದೇನು? ಕೊಳವೆಯನ್ನು 60ರಿಂದ 80 ಹರ್ಟ್ಸ್ ಆಸುಪಾಸಿನಲ್ಲಿ ಹೊಂದಿಸಿ, ಅಲ್ಲೊಂದು ಗುಡ್ಡ ಎಬ್ಬಿಸಿಬಿಡುತ್ತಾರೆ. ಅದೇ ಎದೆ ಗುದ್ದುವ ಜಾಗ. ಗುಡ್ಡದ ಆಚೆ, 45 ಹರ್ಟ್ಸ್‌ನಿಂದ ಕೆಳಗೆ, ಏನೂ ಇಲ್ಲ. ತಬಲ, ಗಿಟಾರು, ಗುಡುಗು ಎಲ್ಲಕ್ಕೂ ಆ ಒಂದೇ ಗುಡ್ಡದ ದನಿ. ಅಜ್ಜಿ ಹೇಳಿದ ಹಂಡೆ ಅದೇ.

ಕಾಗದದ ಮೇಲಿನ ಅಂಕಿಗಳು

‘20 ರಿಂದ 150 ಹರ್ಟ್ಸ್’ ಎಂದು ಬರೆದಿದ್ದರೆ ಮುಂದೆ ‘± 3 ಡೆಸಿಬೆಲ್’ ಎಂದಿದೆಯೇ ನೋಡಿ. ಇದ್ದರೆ, ಅಷ್ಟೂ ಹರವಿನಲ್ಲಿ ಸದ್ದು ಸರಾಸರಿಗಿಂತ 3 ಡೆಸಿಬೆಲ್ ಆಚೀಚೆ ಮಾತ್ರ ಹೋಗುತ್ತದೆ ಎಂಬ ಕರಾರು. ಇಲ್ಲದಿದ್ದರೆ 20 ಹರ್ಟ್ಸ್‌ನಲ್ಲಿ ಇಪ್ಪತ್ತು ಡೆಸಿಬೆಲ್ ಕುಸಿದಿದ್ದರೂ ಕೇಳುವವರಿಲ್ಲ. ಕೆಲವರು ‘−10 ಡೆಸಿಬೆಲ್’ ಎಂದು ಸಣ್ಣಕ್ಷರದಲ್ಲಿ ಹಾಕುತ್ತಾರೆ. ಸಾಮಾನ್ಯ ಸ್ವರಗಳಲ್ಲಿ 10 ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧದಷ್ಟು ಅನ್ನಿಸುತ್ತದೆ. ಆಳದ ಮಂದ್ರದಲ್ಲಿ ಅಷ್ಟೇ ಇಳಿತ ಅದಕ್ಕಿಂತ ಹೆಚ್ಚಾಗಿ ಕಚ್ಚುತ್ತದೆ. ‘± 3’ರ ಜೊತೆ 30 ಹರ್ಟ್ಸ್ ಎಂದವನು, ಏನೂ ಹೇಳದೆ 20 ಎಂದವನಿಗಿಂತ ನಂಬಿಕಸ್ಥ.

ವ್ಯಾಟ್‌ಗಳ ವಿಷಯಕ್ಕೆ ಬಂದರೆ ನಗು ಬರುತ್ತದೆ. 1990ರ ದಶಕದಲ್ಲಿ ಟೂ-ಇನ್-ಒನ್‌ಗಳ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂಬ ಹೊಳೆಯುವ ಚೀಟಿ ಅಂಟಿಸುತ್ತಿದ್ದುದು ತಂದೆತಾಯಂದಿರಿಗೆ ನೆನಪಿರಬೇಕು. ಆ ಅಂಕಿಯನ್ನು ಅಳೆಯಲು ಸರ್ವಸಮ್ಮತ ವಿಧಾನವೇ ಇಲ್ಲ. ಕಣ್ಣುಮುಚ್ಚಿ ತೆರೆಯುವ ಒಂದು ಕ್ಷಣದ ಉಬ್ಬರವನ್ನು ಹಿಡಿದು, ಎಲ್ಲ ಸ್ಪೀಕರುಗಳದ್ದನ್ನೂ ಕೂಡಿಸಿದರೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್. ವಿದ್ಯಾರ್ಥಿಗಳು ಇನ್ನೂ ಒಂದು ಕೆಲಸ ಮಾಡಬಹುದು: ಪೆಟ್ಟಿಗೆಯ ಹಿಂದೆ ಅಂಟಿಸಿರುವ ವಿದ್ಯುತ್ ಬಳಕೆಯ ಅಂಕಿ ಓದಿ. ಅಲ್ಲಿ 60 ವ್ಯಾಟ್ ಎಂದಿದ್ದು ಮುಂದೆ 500 ಎಂದಿದ್ದರೆ, ಒಳಗೆ ಹೋದದ್ದಕ್ಕಿಂತ ಹೆಚ್ಚು ಶಕ್ತಿ ನಿರಂತರವಾಗಿ ಹೊರಗೆ ಬರಲು ಶಕ್ತಿಸಂರಕ್ಷಣೆಯ ನಿಯಮ ಒಪ್ಪುವುದಿಲ್ಲ. ಅರೆಗಳಿಗೆಯ ಉಬ್ಬರ ಬೇರೆ ಮಾತು. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ ಎಂಬುದೂ ತಿಳಿದಿರಲಿ. ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ವ್ಯಾಟ್ ಹತ್ತರಷ್ಟಾಗಬೇಕು.

ಇದೆಲ್ಲಕ್ಕಿಂತ ಒಳ್ಳೆಯ ಅಳತೆಯೊಂದಿದೆ. ‘ಸಿಇಎ-2010’ ಎಂಬ ಅಮೆರಿಕದ ಮಾನದಂಡದಲ್ಲಿ 20, 25, 31.5, 40, 50, 63 ಹರ್ಟ್ಸ್‌ಗಳಲ್ಲಿ, ದನಿ ಮಿತಿಮೀರಿ ಕೆಡದಂತೆ, ಪೆಟ್ಟಿಗೆ ಎಷ್ಟು ಡೆಸಿಬೆಲ್ ಕೊಡಬಲ್ಲದು ಎಂದು ಒಂದೊಂದಾಗಿ ಅಳೆಯುತ್ತಾರೆ. ಅಂಗಡಿಯಲ್ಲಿ ಈ ಪಟ್ಟಿಯನ್ನು ಕೇಳಿ. ಸಿಕ್ಕರೆ ನಿಮ್ಮ ಅದೃಷ್ಟ; ಸಿಗದಿದ್ದರೂ ಕೇಳಿದವರ ಮುಂದೆ ಮಾರಾಟದ ಹುಡುಗ ಪಿಎಂಪಿಒ ಮಾತನ್ನಂತೂ ಎತ್ತುವುದಿಲ್ಲ.

ಅಂಗಡಿಯಲ್ಲಿ ಕೇಳಿ ನೋಡುವಾಗ ಹೊಡೆದಾಟ ಬೇಡ. ಮೊದಲು ವಾರ್ತೆ ಹಾಕಿಸಿ. ಗಂಡು ದನಿ ಸಬ್‌ವೂಫರಿನಿಂದ ಬಂದಂತಿದ್ದರೆ ಎಲ್ಲೋ ತಪ್ಪಿದೆ. ಆಮೇಲೆ ಮೃದಂಗದ ತನಿ ಆವರ್ತನ. ಎಡಗೈಯ ಗುಮ್ಕಿ ಜಾರುವಾಗ ಆ ಜಾರುವಿಕೆ ಕಿವಿಗೆ ಸ್ಪಷ್ಟವಾಗಿ ತಿಳಿಯಬೇಕು; ಒಂದೇ ‘ಧುಂ’ ಆಗಬಾರದು. ಬೇಸ್ ಗಿಟಾರ್ ಮೆಟ್ಟಿಲಿಳಿಯುವಂತೆ ಇಳಿಯುವ ಹಾಡಿದ್ದರೆ ಪ್ರತಿ ಮೆಟ್ಟಿಲೂ ಒಂದೇ ತೂಕದಲ್ಲಿ ಕೇಳಬೇಕು. ಕೊನೆಗೆ ಬೇಕಾದರೆ ಹೊಡೆದಾಟ ನೋಡಿ.

ಕೋಣೆಯೂ ಒಂದು ವಾದ್ಯ

ಇಷ್ಟೆಲ್ಲ ನೋಡಿ ತಂದರೂ ಅಂಗಡಿಯ ದನಿ ಮನೆಯಲ್ಲಿ ಬರುವುದಿಲ್ಲ. ಯಾಕೆಂದರೆ ಮಂದ್ರದ ಮಟ್ಟಿಗೆ ಪೆಟ್ಟಿಗೆ ಅರ್ಧ, ಕೋಣೆ ಇನ್ನರ್ಧ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಭಾಗಿಸಿ ನೋಡಿದರೆ 20 ಹರ್ಟ್ಸ್‌ನ ತರಂಗದೂರ 17 ಮೀಟರಿಗೂ ಹೆಚ್ಚು. ಅಂದರೆ 56 ಅಡಿ! 30×40ರ ನಿವೇಶನದ ಉದ್ದಕ್ಕಿಂತಲೂ ದೊಡ್ಡ ಅಲೆ 12 ಅಡಿಯ ಹಜಾರದಲ್ಲಿ ಸುತ್ತಬೇಕು.

ಪಿಯುಸಿ ಪ್ರಯೋಗಾಲಯದಲ್ಲಿ ನೀರಿನ ಕೊಳವೆಯ ಬಾಯಿಗೆ ಶ್ರುತಿಕವೆ ಹಿಡಿದು, ಯಾವ ಉದ್ದಕ್ಕೆ ಸದ್ದು ಒಮ್ಮೆಲೇ ಹೆಚ್ಚುತ್ತದೆಂದು ನೋಡುತ್ತಾರಲ್ಲ, ಆ ರೆಸೊನೆನ್ಸ್ ಕೋಣೆಗೂ ಉಂಟು. ಎರಡು ಎದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೆ ಅದು ನಿಂತ ಅಲೆಯಾಗುತ್ತದೆ. 12 ಅಡಿ, ಅಂದರೆ 3.66 ಮೀಟರ್ ಉದ್ದಕ್ಕೆ 47 ಹರ್ಟ್ಸ್. 10 ಅಡಿ ಅಗಲಕ್ಕೆ 56 ಹರ್ಟ್ಸ್. ತಾರಸಿ ಎತ್ತರವೂ 10 ಅಡಿಯಾದರೆ ಅದಕ್ಕೂ 56 ಹರ್ಟ್ಸ್. ಅಗಲ, ಎತ್ತರ ಎರಡೂ ಸೇರಿ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತವೆ. ಉದ್ದವೂ 10 ಅಡಿಯ ಚಚ್ಚೌಕ ಕೋಣೆಯಾದರಂತೂ ಮೂರೂ ಸೇರಿ ಗುಂಯ್‌ಗುಡುತ್ತವೆ. ಮನೆ ಕಟ್ಟಿಸುವಾಗ ವಾಸ್ತು ನೋಡುವವರು ಈ ಲೆಕ್ಕವನ್ನು ಹೇಳುವುದಿಲ್ಲ.

ಹೆಂಚಿನ ಮನೆಯಲ್ಲಿ ಈ ತೊಂದರೆ ಅಷ್ಟಿರಲಿಲ್ಲ. ಹೆಂಚಿನ ಸಂದು, ಅಟ್ಟದ ಹಲಗೆ ಇವುಗಳಲ್ಲಿ ಮಂದ್ರ ಸೋರಿಹೋಗುತ್ತಿತ್ತು. ಕಾಂಕ್ರೀಟ್ ತಾರಸಿ, ಇಟ್ಟಿಗೆ ಗೋಡೆ, ಟೈಲ್ಸ್ ನೆಲದ ಕೋಣೆ ಒಳಗಿನದನ್ನು ಒಳಗೇ ಹಿಡಿದಿಡುತ್ತದೆ. ದಪ್ಪ ಪರದೆ, ಸೋಫಾ ಇವು ಮೇಲಿನ ಸ್ವರಗಳನ್ನು ಹೀರುತ್ತವೆಯೇ ಹೊರತು 50 ಹರ್ಟ್ಸ್‌ನ ಏಳು ಮೀಟರ್ ಅಲೆಗೆ ಅವು ಲೆಕ್ಕಕ್ಕಿಲ್ಲ.

ನಿಂತ ಅಲೆಯ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಸೊನ್ನೆ. ನಮ್ಮ ಮನೆಗಳಲ್ಲಿ ಸೋಫಾ ಸದಾ ಹಿಂದಿನ ಗೋಡೆಗೆ ಒತ್ತಿಕೊಂಡಿರುತ್ತದೆ. ಸಬ್‌ವೂಫರನ್ನು ಕಾಲಿಗೆ ಸಿಗದಂತೆ ಮೂಲೆಗೆ ತಳ್ಳಿರುತ್ತೇವೆ. ಮೂಲೆಯಲ್ಲಿಟ್ಟ ಪೆಟ್ಟಿಗೆ ಎಲ್ಲ ನಿಂತ ಅಲೆಗಳನ್ನೂ ಬಡಿದೆಬ್ಬಿಸುತ್ತದೆ, ಗೋಡೆಗೆ ಒರಗಿದವರ ಕಿವಿ ಅವೆಲ್ಲವನ್ನೂ ಪೂರ್ತಿ ಕೇಳುತ್ತದೆ. ಅದೇ ಹೊತ್ತಿಗೆ ನಡುಮನೆಯಲ್ಲಿ ಕುರ್ಚಿ ಹಾಕಿ ಕೂತವರು ‘ಬೇಸೇ ಇಲ್ಲವಲ್ಲ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ!

ಸಣ್ಣ ಕೋಣೆಯಿಂದ ಒಂದು ಉಪಕಾರವೂ ಇದೆ. 47 ಹರ್ಟ್ಸ್‌ಗಿಂತ ಕೆಳಗೆ ಅರ್ಧ ಅಲೆಗೂ ಜಾಗವಿಲ್ಲದ್ದರಿಂದ ಇಡೀ ಕೋಣೆಯ ಗಾಳಿ ಸೈಕಲ್ ಪಂಪಿನೊಳಗಿನ ಗಾಳಿಯಂತೆ ಒಟ್ಟಿಗೆ ಒತ್ತಿ ಹಿಗ್ಗುತ್ತದೆ. ಬಾಗಿಲು ಕಿಟಕಿ ಮುಚ್ಚಿದ್ದರೆ ಕೆಳಗಿಳಿದಂತೆ ಕೋಣೆ ತಾನೇ ಸ್ವಲ್ಪ ಬಲ ಸೇರಿಸುತ್ತದೆ. ಮುಚ್ಚಿದ ಪೆಟ್ಟಿಗೆಯ ಮೆಲ್ಲನೆಯ ಇಳಿತಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಹಾಗಾಗಿ 12×10ರ ಕಾಂಕ್ರೀಟ್ ಹಜಾರಕ್ಕೆ, ಹಾಡನ್ನೇ ಹೆಚ್ಚು ಕೇಳುವ ಮನೆಗೆ, 35 ಹರ್ಟ್ಸ್‌ವರೆಗೆ ಸಮನಾಗಿ ಇಳಿಯುವ 10 ಇಂಚಿನ ಮುಚ್ಚಿದ ಪೆಟ್ಟಿಗೆ ಧಾರಾಳವಾಗಿ ಸಾಕು. ಊಟದ ಕೋಣೆಯೂ ಸೇರಿಕೊಂಡ ದೊಡ್ಡ ಹಜಾರ, ಸಿನಿಮಾದ ಗೀಳು ಇದ್ದರೆ ಮಾತ್ರ 12 ಇಂಚಿನ, ತಗ್ಗಿಗೆ ಹೊಂದಿಸಿದ ಕೊಳವೆಯ ದೊಡ್ಡ ಪೆಟ್ಟಿಗೆಗೆ ಹಣ ಸುರಿಯುವುದರಲ್ಲಿ ಅರ್ಥವಿದೆ.

ಅಂಬೆಗಾಲಿನ ಪ್ರಯೋಗ

ಪೆಟ್ಟಿಗೆಯನ್ನು ಎಲ್ಲಿಡಬೇಕು? ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಸಬ್‌ವೂಫರನ್ನು ತಾವು ಕೂರುವ ಸೋಫಾದ ಮೇಲೆಯೇ ಇಡಬೇಕು. ಬೇಸ್ ಗಿಟಾರ್ ಚೆನ್ನಾಗಿರುವ ಹಾಡನ್ನು ಸಣ್ಣಗೆ ಹಚ್ಚಿ, ಗೋಡೆಯ ಅಂಚಿನಲ್ಲಿ ಅಂಬೆಗಾಲಿಡುತ್ತಾ ಸುತ್ತಬೇಕು. ಎಲ್ಲಿ ಎಲ್ಲ ಸ್ವರಗಳೂ ಒಂದೇ ಹದದಲ್ಲಿ ಕೇಳುತ್ತವೋ ಅಲ್ಲಿ ಪೆಟ್ಟಿಗೆಯನ್ನಿಟ್ಟು ತಾವು ಸೋಫಾಕ್ಕೆ ಮರಳಬೇಕು. ಸದ್ದಿನ ಮೂಲವನ್ನೂ ಕೇಳುಗನನ್ನೂ ಅದಲು ಬದಲು ಮಾಡಿದರೆ ಫಲಿತಾಂಶ ಬದಲಾಗದು ಎಂಬುದು ಬಾಟಲಿಯ ಗಣಿತ ಬರೆದ ಅದೇ ಹೆಲ್ಮ್‌ಹೋಲ್ಟ್ಸ್ ಹೇಳಿದ ತತ್ವ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲವಾದ್ದರಿಂದ ಪೆಟ್ಟಿಗೆ ಟೀವಿಯ ಪಕ್ಕದಲ್ಲೇ ಇರಬೇಕೆಂದೇನೂ ಇಲ್ಲ. ಹಿಂದಿನ ‘ಕ್ರಾಸ್ಓವರ್’ ತಿರುಪನ್ನು 80ಕ್ಕೆ ಇಡುವುದು ವಾಡಿಕೆ. ಜೊತೆಗಿರುವ ಸ್ಪೀಕರುಗಳು ತೀರ ಪುಟ್ಟವಾಗಿದ್ದರೆ 100 ಅಥವಾ 120ಕ್ಕೆ ಏರಿಸಬೇಕಾಗುತ್ತದೆ. ಆಗ ಗಂಡು ದನಿಯ ಬುಡ ಪೆಟ್ಟಿಗೆಯಿಂದ ಬರಲು ಶುರುವಾಗುತ್ತದೆ, ಪೆಟ್ಟಿಗೆಯೂ ಮುಂದುಗಡೆಯೇ ಇರಬೇಕಾಗುತ್ತದೆ.

ಪಕ್ಕದ ಮನೆಯ ಗೋಡೆಯ ವಿಷಯ ಉಳಿಯಿತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಆ ಅಳತೆ ‘ಎ’ ತೂಕದ್ದು. ಅಂದರೆ ಕಿವಿಯ ಜಿಪುಣತನವನ್ನು ಅನುಸರಿಸಿ ಮೀಟರೂ ಮಂದ್ರವನ್ನು ಕಳೆದು ಓದುತ್ತದೆ. 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್‌ನಷ್ಟು ಕಡಿಮೆ. ಗೋಡೆ ಮಾತನ್ನು ತಡೆಯುತ್ತದೆ, ಹಾಡಿನ ಕೊಳಲನ್ನು ತಡೆಯುತ್ತದೆ. ಮಂದ್ರವನ್ನು ಅಷ್ಟಾಗಿ ತಡೆಯಲಾರದು. ಹೀಗಾಗಿ ಈ ಮನೆಯಲ್ಲಿ ಸಿನಿಮಾ ಇದ್ದದ್ದು ಆ ಮನೆಗೆ ಬರೀ ಗುದ್ದಾಗಿ ತಲುಪುತ್ತದೆ. ಮೀಟರ್ ಹಿಡಿದು ‘ನಿಯಮದೊಳಗೇ ಇದೆ’ ಎಂದು ವಾದಿಸಬಹುದು. ತ್ರಿಕೋನಮಿತಿ ಬಿಡಿಸುತ್ತಿರುವ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ.

ಮೊದಲು ಹೇಳಿದ ಮನೆಯಲ್ಲಿ ಪೆಟ್ಟಿಗೆಯನ್ನು ಬದಲಾಯಿಸಲು ಹಣವಿರಲಿಲ್ಲ. ಮಗ ಮೊಬೈಲಿನಲ್ಲಿ ಸ್ವರ ಹೊರಡಿಸುವ ಒಂದು ಆ್ಯಪ್ ಹಾಕಿಕೊಂಡು, ಸಣ್ಣ ಸದ್ದಿನಲ್ಲಿ 120ರಿಂದ ಕೆಳಗೆ ಐದೈದು ಹರ್ಟ್ಸ್ ಇಳಿಸುತ್ತಾ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ. 55ರ ಹತ್ತಿರ ಕೋಣೆ ಗುಂಯ್ ಎಂದಿತು. 45ರ ಕೆಳಗೆ ಪೆಟ್ಟಿಗೆ ಬರೀ ಉಸಿರು ಬಿಟ್ಟಿತು. ಅಂಗಡಿಯ ಚೀಟಿಯಲ್ಲಿ 20 ಎಂದಿತ್ತು. ತಂದೆ ಲುಂಗಿ ಎತ್ತಿಕಟ್ಟಿ ಅಂಬೆಗಾಲಿಟ್ಟದ್ದನ್ನು ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಪಕ್ಕದ ಮನೆಗೆ ಅಂಟಿದ ಮೂಲೆಯಿಂದ ಪೆಟ್ಟಿಗೆ ಎದುರು ಗೋಡೆಗೆ, ಉದ್ದದ ಸುಮಾರು ಕಾಲುಭಾಗದ ಜಾಗಕ್ಕೆ ಬಂತು. ಸೋಫಾ ಗೋಡೆಯಿಂದ ಎರಡು ಅಡಿ ಮುಂದೆ ಸರಿಯಿತು. 120ರಲ್ಲಿದ್ದ ತಿರುಪು 80ಕ್ಕೆ ಇಳಿಯಿತು, ಸದ್ದಿನ ತಿರುಪು ಅರ್ಧಕ್ಕೆ. ಪರೀಕ್ಷೆ ಮುಗಿಯುವವರೆಗೆ ಸಂಜೆ ಏಳರ ಮೇಲೆ ಪೆಟ್ಟಿಗೆಯ ಪ್ಲಗ್ ತೆಗೆದಿಡುವುದೆಂದೂ ತೀರ್ಮಾನವಾಯಿತು.

ಸ್ವರ ಇಳಿಸುವಾಗ 47ರಲ್ಲಿ ಮಾತ್ರ ಏನೋ ಕಟಕಟ ಎನ್ನುತ್ತಿತ್ತು. ಪೆಟ್ಟಿಗೆಯೇ ಹರಿದಿದೆಯೆಂದು ಗಾಬರಿಯಾಗಿ ಹುಡುಕಿದರೆ, ಅದು ಶೋಕೇಸಿನ ಜಾರುಗಾಜು. ಸಂದಿಗೆ ಮಡಿಸಿದ ಕಾಗದದ ಚೂರು ಸಿಕ್ಕಿಸಿದ ಮೇಲೆ ನಿಂತಿತು. ಮಾರನೆಯ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಅಜ್ಜಿ ಬಂದು ಕೂತರು. ವಾರ್ತೆ ಓದುವವನು ಹಂಡೆಯಿಂದ ಹೊರಗೆ ಬಂದಿದ್ದ.